ಅಡುಗೆ ಕೋಣೆ ಇರುವ ಮನೆ ಬಾಡಿಗೆಗೆ ಸಿಗುವುದೇ?

ನನ್ನ ಉಮ್ಮನಿಗೆ ಈಗ ಎಪ್ಪತ್ತನಾಲ್ಕು. ಸಕ್ಕರೆ ಕಾಯಿಲೆ ಇದೆ, ಎರಡೂ ಮೊಣಕಾಲು ನೋವು. ಹೊಟೇಲಿನ ಎಣ್ಣೆ, ಮಸಾಲೆ ಹಿಡಿಸುವುದಿಲ್ಲ. ರಾತ್ರಿ ಗಂಜಿ, ಒಂದು ತುಂಡು ಮೀನು, ಸ್ವಲ್ಪ ಚಟ್ನಿ ಇದ್ದರೆ ಸಾಕು. ಕಳೆದ ವರ್ಷ ಮಳೆ ನಿಂತ ಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ, "ಒಮ್ಮೆ ಕಡಲು ನೋಡಿ ಬರಬೇಕು ಮೋನೇ" ಎಂದರು. ಕಡಲ ಬದಿಯಲ್ಲೇ ಹುಟ್ಟಿ ಬೆಳೆದವರು ಐವತ್ತು ವರ್ಷ ಬಯಲುಸೀಮೆಯಲ್ಲಿ ಕಳೆದ ಮೇಲೆ ಹೀಗೆ ಕೇಳಿದರೆ ಇಲ್ಲ ಎನ್ನುವುದು ಹೇಗೆ?

ನಾವಿರುವುದು ಚಾಮರಾಜನಗರದ ಹತ್ತಿರದ ಸಂತೆಮರಹಳ್ಳಿಯಲ್ಲಿ. ಊರಿನ ಹೆಸರು ಹೇಳಿದರೆ ಮಂಗಳೂರು ಕಡೆಯ ನೆಂಟರಿಗೆ ಗೊತ್ತಾಗುವುದಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಧ್ರುವನಾರಾಯಣ ಅವರು ಒಂದೇ ಒಂದು ಮತದಿಂದ ಗೆದ್ದರಲ್ಲ, ಆ ಕ್ಷೇತ್ರ ಎಂದರೆ "ಓ, ಅದಾ" ಎನ್ನುತ್ತಾರೆ. ಉಪ್ಪ ಒಣಮೀನು ವ್ಯಾಪಾರಕ್ಕೆ ಘಟ್ಟ ಹತ್ತಿದವರು. ಸಂತೆಯಿಂದ ಸಂತೆಗೆ ಗೋಣಿ ಹೊತ್ತು ತಿರುಗಿ ಕೊನೆಗೆ ಇಲ್ಲಿ ನಿಂತರು. ಈಗ ನಮ್ಮದು ದಿನಸಿ ಅಂಗಡಿ. ಮಕ್ಕಳು ಮನೆಯಲ್ಲಿ ಬ್ಯಾರಿ ಮಾತಾಡುತ್ತಾರೆ, ಹೊರಗೆ ಚಾಮರಾಜನಗರದ ಕನ್ನಡ ಮಾತಾಡುತ್ತಾರೆ. ಕಡಲು ಅವರಿಗೆ ಮೊಬೈಲಿನಲ್ಲಿ ನೋಡಿದ್ದು.

ನಿಜ ಹೇಳಬೇಕೆಂದರೆ ನಮಗೆ ಹತ್ತಿರದ ಕಡಲು ಮಂಗಳೂರಿನದ್ದಲ್ಲ, ಕೋಝಿಕ್ಕೋಡಿನದ್ದು. ಗುಂಡ್ಲುಪೇಟೆಗೆ ಹೋಗಿ ಬಂಡೀಪುರ, ಮುತ್ತಂಗ, ಸುಲ್ತಾನ್ ಬತ್ತೇರಿ ದಾಟಿ ತಾಮರಶ್ಶೇರಿ ಘಾಟಿ ಇಳಿದರೆ ಆಯಿತು. ಬಂಡೀಪುರದ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಮುಚ್ಚಿರುತ್ತದೆ, ಅದಕ್ಕೆ ಹೊಂದಿಸಿ ಹೊರಟರೆ ಸಾಕು. ಆದರೆ ಉಮ್ಮನಿಗೆ ಕಡಲು ಎಂದರೆ ಉಳ್ಳಾಲ, ಉಚ್ಚಿಲ ಬದಿಯ ಕಡಲು. ಮೈಸೂರು, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದು ಮುನ್ನೂರು ಕಿಲೋಮೀಟರಿಗೂ ಮೇಲೆ ಹೋಗಬೇಕು. ಹೋದರೆ ಎರಡು ಮೂರು ದಿನ ನಿಲ್ಲಲೇಬೇಕು. ನಾವು ಒಟ್ಟು ಒಂಬತ್ತು ಜನ. ಉಮ್ಮ, ನಾನು, ಹೆಂಡತಿ, ಮೂವರು ಮಕ್ಕಳು, ತಂಗಿ, ಅವಳ ಗಂಡ ಮತ್ತು ಒಂದು ಮಗು.

ಮೊದಲಾದರೆ ಎಲ್ಲಿ ನಿಲ್ಲುವುದು ಎಂಬ ಪ್ರಶ್ನೆಯೇ ಇರಲಿಲ್ಲ. ಮಾಮನ ಮನೆ ಇತ್ತು. ದೊಡ್ಡ ಜಗಲಿ, ಹಿಂದೆ ಬಾವಿ, ಹೊರಗೆ ಒಲೆ. ಹತ್ತು ಜನ ಬಂದರೆ ಹತ್ತು ಚಾಪೆ ಹಾಸುತ್ತಿದ್ದರು. ಆ ಮನೆ ಪಾಲಾಗಿ, ಮಾರಾಟವಾಗಿ, ಈಗ ಅಲ್ಲಿ ಫ್ಲ್ಯಾಟ್ ಇದೆ. ಮಾಮನ ಮಕ್ಕಳು ಎರಡು ಬೆಡ್‌ರೂಮಿನ ಮನೆಗಳಲ್ಲಿದ್ದಾರೆ. ಬನ್ನಿ, ಬನ್ನಿ ಎಂದು ಬಾಯಿತುಂಬ ಕರೆಯುತ್ತಾರೆ, ಸುಳ್ಳಲ್ಲ. ಆದರೆ ಒಂಬತ್ತು ಜನ ಹೋಗಿ ಅವರ ಬೆಡ್‌ರೂಮಿನಲ್ಲಿ ಮಲಗಿ, ಅವರನ್ನು ಹಾಲಿನಲ್ಲಿ ಮಲಗಿಸುವುದು ಸರಿಯಲ್ಲ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು.

ಲಾಡ್ಜ್ ವಿಚಾರಿಸಿದೆ. ಮೂರು ರೂಮು ಬೇಕು, ಊಟ ಬೇರೆ. ಮೂರು ದಿನಕ್ಕೆ ಲೆಕ್ಕ ಹಾಕಿದರೆ ರೂಮಿಗಿಂತ ಹೊಟೇಲಿನ ಬಿಲ್ಲೇ ಹೆಚ್ಚು. ಉಮ್ಮನಿಗೆ ಗಂಜಿ ಎಲ್ಲಿಂದ ತರುವುದು? ತಂಗಿಯ ಮಗುವಿಗೆ ಹಾಲು ಬಿಸಿ ಮಾಡುವುದೆಲ್ಲಿ? ಪ್ರತೀ ಹೊತ್ತಿಗೂ ಇದು ಹಲಾಲಾ ಎಂದು ಕೌಂಟರಿನಲ್ಲಿ ಕೇಳುತ್ತಾ ನಿಲ್ಲುವುದು ಬೇರೆ. ಹೆಂಗಸರು ಇಡೀ ದಿನ ಬುರ್ಖಾ ತೆಗೆಯದೆ ಕಾರಿಡಾರಿನಲ್ಲಿ ಓಡಾಡಬೇಕು. ಅದಕ್ಕೇ ಅಡುಗೆ ಕೋಣೆ ಇರುವ, ಒಂದೇ ಬಾಗಿಲಿನ ಒಂದು ಮನೆ ಮೂರು ದಿನಕ್ಕೆ ಬಾಡಿಗೆಗೆ ಬೇಕು ಎಂದು ಹುಡುಕಲು ಶುರು ಮಾಡಿದೆ. ಹುಡುಕುವಾಗ ಕಂಡದ್ದನ್ನು, ಅದರಿಂದ ನನಗೆ ಅನ್ನಿಸಿದ್ದನ್ನು ಹೇಳಲು ಇಷ್ಟು ಪೀಠಿಕೆ.

ಮೊದಲು ಫೋನ್ ಮಾಡಿದ ಮನೆಯವರು ಬಹಳ ಚೆನ್ನಾಗಿ ಮಾತಾಡಿದರು. ದಿನಕ್ಕೆ ಐದೂವರೆ ಸಾವಿರ, ಗ್ಯಾಸ್ ಇದೆ, ಪಾತ್ರೆ ಇದೆ, ಕಡಲು ಐದು ನಿಮಿಷದ ದಾರಿ. ಅಡ್ವಾನ್ಸ್ ಕಳಿಸಲು ನಂಬರ್ ಕೇಳಿದೆ. ಅವರು ಹೆಸರು ಕೇಳಿದರು. ಹೇಳಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು, ಆ ದಿನಾಂಕಕ್ಕೆ ಈಗಾಗಲೇ ಬುಕ್ ಆಗಿದೆಯಂತೆ, ತಮ್ಮ ನೋಡಿರಲಿಲ್ಲವಂತೆ. ಹೌದೇನೋ. ಇನ್ನೊಬ್ಬರು ಸಸ್ಯಾಹಾರ ಮಾತ್ರ ಎಂದರು. ಅದು ನೇರ ಮಾತು, ಬೇಸರವಿಲ್ಲ. ಮನೆ ಅವರದು, ಒಲೆ ಅವರದು.

ಹೆಸರು ಕೇಳಿದ ಮೇಲೆ ಮನೆ ಇಲ್ಲವಾಗುವುದು ನಮಗೆ ಹೊಸತಲ್ಲ. ನಗರಗಳಲ್ಲಿ ತಿಂಗಳ ಬಾಡಿಗೆಗೆ ಮನೆ ಹುಡುಕಿದ ನಮ್ಮ ಹುಡುಗರೆಲ್ಲರ ಬಳಿಯೂ ಒಂದೊಂದು ಕಥೆ ಇದೆ. ಆದರೆ ಇಲ್ಲೊಂದು ಮಾತು ಸೇರಿಸದಿದ್ದರೆ ಅನ್ಯಾಯವಾಗುತ್ತದೆ. ಮೂರನೆಯದಾಗಿ ನಾನು ಮಾತಾಡಿದ್ದು ನಮ್ಮವರೇ ಒಬ್ಬರ ಜತೆ. "ನಮ್ಮವರಿಗೆ ಮಾತ್ರ ಕೊಡುವುದು, ಬೇರೆಯವರಿಗೆ ಕೊಟ್ಟರೆ ತಲೆಬಿಸಿ" ಎಂದು ಅಭಿಮಾನದಿಂದಲೇ ಹೇಳಿದರು. ನನಗೆ ಮನೆ ಸಿಗುತ್ತದೆ ಎಂಬ ಸಂತೋಷದಲ್ಲಿ ಆಗ ಸುಮ್ಮನಿದ್ದೆ. ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು.

ಅವರ ಮನೆಯನ್ನೇ ಮೊದಲ ರಾತ್ರಿಗೆ ತೆಗೆದುಕೊಂಡೆವು. ಹೊಸ ಕಟ್ಟಡ. ಬಣ್ಣದ ದೀಪ, ಉಯ್ಯಾಲೆ, ಫೋಟೋ ತೆಗೆಯಲು ಗೋಡೆ ಮೇಲೆ ರೆಕ್ಕೆಯ ಚಿತ್ರ. ಅಂಗಳದಲ್ಲಿ ಒಂದು ಈಜುಕೊಳ. ಅಡುಗೆ ಕೋಣೆ ಎಂದು ತೋರಿಸಿದ ಜಾಗದಲ್ಲಿ ಒಂದು ಕರೆಂಟ್ ಒಲೆ, ಒಂದು ಬಾಣಲೆ, ಆರು ಚಹಾದ ಲೋಟ. ಸಿಲಿಂಡರ್ ಇತ್ತು, ಗ್ಯಾಸ್ ಇರಲಿಲ್ಲ. ಚಾಕು ಇಲ್ಲ, ತುರಿಮಣೆ ಇಲ್ಲ, ಮೀನು ತೊಳೆಯಲು ಹೊರಗೆ ನಲ್ಲಿ ಇಲ್ಲ. ಉಮ್ಮ ಒಂದು ಸುತ್ತು ನೋಡಿ ಏನೂ ಹೇಳದೆ ಹೊರಗೆ ಬಂದು ಕೂತರು. ಆ ರಾತ್ರಿ ಪಾರ್ಸೆಲ್ ತಂದು ತಿಂದೆವು.

ಊಟಕ್ಕಿಂತ ಹೆಚ್ಚು ನನ್ನನ್ನು ನಿದ್ದೆಗೆಡಿಸಿದ್ದು ಆ ಈಜುಕೊಳ. ಸುತ್ತ ಬೇಲಿ ಇಲ್ಲ. ಎಲ್ಲಿ ಎಷ್ಟು ಆಳ ಎಂದು ಬರೆದಿಲ್ಲ. ನಮ್ಮ ಮಕ್ಕಳಿಗೆ ಈಜು ಬರುವುದಿಲ್ಲ. ಸಂತೆಮರಹಳ್ಳಿಯಲ್ಲಿ ಈಜು ಕಲಿಸುವವರು ಯಾರು, ಎಲ್ಲಿ? ನನಗೆ ಪದೇ ಪದೇ ನೆನಪಾದದ್ದು 2024ರ ನವೆಂಬರ್ 17. ಮೈಸೂರಿನ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿನಿಯರು ಸೋಮೇಶ್ವರ ಉಚ್ಚಿಲದ ಒಂದು ಖಾಸಗಿ ರೆಸಾರ್ಟಿನ ಈಜುಕೊಳದಲ್ಲಿ ಬೆಳಗ್ಗೆ ಬೆಳಗ್ಗೆಯೇ ಮುಳುಗಿ ಹೋದರು. ಒಬ್ಬಳು ಮುಳುಗುವುದನ್ನು ಕಂಡು ಇನ್ನೊಬ್ಬಳು, ಅವಳನ್ನು ಕಂಡು ಮತ್ತೊಬ್ಬಳು. ಮೂವರಿಗೂ ಈಜು ಬರುತ್ತಿರಲಿಲ್ಲ. ಕಾಯಲು ಯಾರೂ ಇರಲಿಲ್ಲ. ಅದಾಗಿ ಒಂದು ತಿಂಗಳೂ ಆಗಿರಲಿಲ್ಲ, ಡಿಸೆಂಬರ್ 10ಕ್ಕೆ ಮುರುಡೇಶ್ವರದ ಕಡಲಲ್ಲಿ ಮುಳಬಾಗಿಲಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ಹುಡುಗಿಯರು ತೀರಿಹೋದರು. ಮೈಸೂರು, ಕೋಲಾರ. ಎರಡೂ ಕಡಲಿಲ್ಲದ ಊರುಗಳು. ಕಡಲ ಬದಿಯವರಿಗೆ ನೀರು ಗೊತ್ತು. ಘಟ್ಟದ ಮೇಲಿನಿಂದ ಬರುವ ನಮಗೆ ಗೊತ್ತಿಲ್ಲ ಎಂಬುದು ಮನೆ ಬಾಡಿಗೆಗೆ ಕೊಡುವವರಿಗೆ ಗೊತ್ತಿರಬೇಕು. ಆ ರಾತ್ರಿ ನಾನು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಅದಕ್ಕೆ ಅಡ್ಡವಾಗಿ ಕುರ್ಚಿ ಇಟ್ಟು ಮಲಗಿದೆ.

ಮರುದಿನ ಬೆಳಗ್ಗೆ ಮಾಮನ ಮಗನೇ ಒಂದು ದಾರಿ ತೋರಿಸಿದ. ಅವನ ಪರಿಚಯದವರ ಮನೆ. ಮಾಲಕ ದುಬೈಯಲ್ಲಿ, ಹೆಂಡತಿ ಮಕ್ಕಳೂ ಅಲ್ಲೇ. ವರ್ಷಕ್ಕೊಮ್ಮೆ ಬಂದರೆ ಬಂದರು. ಬೀಗದ ಕೈ ಪಕ್ಕದ ಮನೆಯ ಮಾಮಿಯ ಹತ್ತಿರ. ಕಡಲು ಅಂಗಳದಲ್ಲಿಲ್ಲ, ಮುಕ್ಕಾಲು ಕಿಲೋಮೀಟರ್ ನಡೆಯಬೇಕು. ಉಯ್ಯಾಲೆ ಇಲ್ಲ, ರೆಕ್ಕೆಯ ಚಿತ್ರ ಇಲ್ಲ. ಅಡುಗೆ ಕೋಣೆ ಮಾತ್ರ ಅಡುಗೆ ಕೋಣೆಯ ಹಾಗೆಯೇ ಇತ್ತು. ಎರಡು ಒಲೆಯ ಗ್ಯಾಸು, ಮಿಕ್ಸಿ, ದೊಡ್ಡ ಚಿಕ್ಕ ಪಾತ್ರೆ, ಮಣ್ಣಿನ ಚಟ್ಟಿ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ಮೀನು ಕುಯ್ಯಲು ಜಾಗ. ತುರಿಮಣೆ ಕಾಣಲಿಲ್ಲ. ಮಾಮಿ ತಮ್ಮ ಮನೆಯಿಂದ ತಂದು ಕೊಟ್ಟು, "ಹೋಗುವಾಗ ಇಲ್ಲೇ ಇಟ್ಟು ಹೋಗಿ" ಎಂದರು.

ಎರಡು ದಿನ ಉಮ್ಮ ಅಡುಗೆ ಮಾಡಿದರು. ನಮ್ಮ ಮನೆಯಲ್ಲಿ ಅವರು ಒಲೆಯ ಮುಂದೆ ನಿಲ್ಲದೆ ನಾಲ್ಕೈದು ವರ್ಷವಾಗಿತ್ತು, ನಿಲ್ಲಲು ಆಗುತ್ತಿರಲಿಲ್ಲ. ಅಲ್ಲಿ ಒಂದು ಸ್ಟೂಲು ಎಳೆದು ಕೂತು ಮಸಾಲೆ ಅರೆಸಿದರು, ಬಂಗುಡೆ ಕುಯ್ಯುವುದು ಹೇಗೆಂದು ನನ್ನ ಮಗಳಿಗೆ ತೋರಿಸಿದರು. ಪತ್ತಿರಿ ತಟ್ಟಿದರು. ಅಂಗಡಿಯಿಂದ ಅಕ್ಕಿ, ಮೆಣಸು, ಕೊತ್ತಂಬರಿ, ಚಹಾಪುಡಿ ಎಲ್ಲ ನಾನು ಊರಿನಿಂದಲೇ ಕಟ್ಟಿಕೊಂಡು ಹೋಗಿದ್ದೆ, ದಿನಸಿ ಅಂಗಡಿಯವನ ಬುದ್ಧಿ. ಮೀನಿಗೆ, ತೆಂಗಿನಕಾಯಿಗೆ, ಹಾಲಿಗೆ ಬಿಟ್ಟರೆ ಬೇರೆ ಖರ್ಚಿಲ್ಲ. ಮಾಮಿಯೇ ಬೆಳಗ್ಗೆ ಮೀನಿನ ಸ್ಕೂಟರು ಬರುವ ಹೊತ್ತು ಹೇಳಿದರು. ಮಕ್ಕಳಿಗೆ, "ಪಾದ ಒದ್ದೆ ಮಾಡಿಕೊಳ್ಳಿ, ಮೊಣಕಾಲು ಒದ್ದೆ ಮಾಡಬೇಡಿ, ಆ ಕಲ್ಲಿನ ಬದಿಗೆ ಹೋಗಲೇಬೇಡಿ" ಎಂದು ಕಡಲಿನ ಪಾಠ ಮಾಡಿದರು. ಯಾವ ಬೋರ್ಡಿಗಿಂತಲೂ ಆ ಮಾತು ಮಕ್ಕಳಿಗೆ ನಾಟಿತು.

ಎರಡನೇ ದಿನ ಮಗ್ರಿಬ್ ಕಳೆದು ಸ್ವಲ್ಪ ಹೊತ್ತಿಗೆ ಗೇಟಿನ ಹತ್ತಿರ ನಾಲ್ವರು ಹುಡುಗರು ಬಂದು ನಿಂತರು. "ಯಾರು ನೀವು? ಎಲ್ಲಿಂದ? ಈ ಮನೆ ಖಾಲಿ ಇತ್ತಲ್ಲ? ಒಳಗೆ ಎಷ್ಟು ಹೆಂಗಸರಿದ್ದಾರೆ?" ಸಮುದಾಯ ಯಾವುದೆಂದು ನಾನು ಬರೆಯುವುದಿಲ್ಲ. ಎಲ್ಲ ಕಡೆಯೂ ಇಂಥ ಹುಡುಗರಿದ್ದಾರೆ, ನಮ್ಮಲ್ಲೂ ಇದ್ದಾರೆ. ನಾನು ಆಧಾರ್ ತೋರಿಸಿದೆ. ಉಮ್ಮ ಹೊರಗೆ ಬಂದರು. ಅಷ್ಟರಲ್ಲಿ ಮಾಮಿ ಬಂದು ಜೋರು ಮಾಡಿದ ಮೇಲೆ ಹೋದರು. ಏನೂ ಆಗಲಿಲ್ಲ. ಆದರೆ ಒಬ್ಬ ಹೋಗುವಾಗ ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ: "ಇದು ಹೋಮ್‌ಸ್ಟೇಯಾ? ಲೈಸೆನ್ಸ್ ಉಂಟಾ?"

ಲೈಸೆನ್ಸ್ ಇರಲಿಲ್ಲ. ರಿಜಿಸ್ಟರ್ ಇರಲಿಲ್ಲ. ನಾನು ಕೊಟ್ಟ ಹಣಕ್ಕೆ ರಶೀದಿಯೂ ಇರಲಿಲ್ಲ. ಪರಿಚಯದ ಮೇಲೆ ಕೊಟ್ಟ ಮನೆ, ವಿಶ್ವಾಸದ ಮೇಲೆ ಕೊಟ್ಟ ಹಣ. ನಮ್ಮಲ್ಲಿ ಹೆಚ್ಚಿನ ವ್ಯವಹಾರ ಹೀಗೆಯೇ ನಡೆಯುವುದು. ಆದರೆ ದಕ್ಷಿಣ ಕನ್ನಡದಲ್ಲಿ ಹೋಮ್‌ಸ್ಟೇ ಎಂಬ ಪದಕ್ಕೆ ಒಂದು ಗಾಯ ಇದೆ. 2012ರ ಜುಲೈ 28ರಂದು ಪಡೀಲಿನ ಒಂದು ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ಗುಂಪು ನುಗ್ಗಿ ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಹನ್ನೆರಡು ವರ್ಷ ಕೇಸು ನಡೆದು 2024ರಲ್ಲಿ ಆರೋಪಿಗಳು ಖುಲಾಸೆಯಾದರು. ಆ ದಿನದಿಂದ ನಮ್ಮ ಜನರಿಗೆ ಹೋಮ್‌ಸ್ಟೇ ಎಂದರೆ ಮರ್ಯಾದಸ್ಥರು ಹೋಗದ ಜಾಗ ಎಂಬ ಭಾವನೆ ಬಂದಿದೆ. ಕೊಡುವವರೂ ಹೆದರುತ್ತಾರೆ, ಹೋಗುವವರೂ ಹೆದರುತ್ತಾರೆ. ನಡುವೆ ಲಾಭ ಮಾಡಿಕೊಳ್ಳುವುದು ಈಜುಕೊಳ, ಬಣ್ಣದ ದೀಪದವರು.

ಈಗ ನನ್ನ ಮಾತಿಗೆ ಬರುತ್ತೇನೆ. ಉಳ್ಳಾಲದಿಂದ ಸುರತ್ಕಲ್, ಕಾಪು, ಗಂಗೊಳ್ಳಿ, ಭಟ್ಕಳದವರೆಗೆ ರಸ್ತೆಯ ಬದಿಯಲ್ಲಿ ಹೋಗಿ ನೋಡಿ. ಗಲ್ಫ್ ಹಣದಲ್ಲಿ ಕಟ್ಟಿದ ಎಷ್ಟು ದೊಡ್ಡ ಮನೆಗಳಿಗೆ ಬೀಗ ಬಿದ್ದಿದೆ! ಇನ್ನು ಎಷ್ಟೋ ಮನೆಗಳಲ್ಲಿ ಆರು ಕೋಣೆಗೆ ಒಬ್ಬರೇ ಉಮ್ಮ, ಜತೆಗೆ ರಾತ್ರಿ ಮಲಗಲು ಬರುವ ಒಂದು ಹುಡುಗಿ. ಮಗ ತಿಂಗಳು ತಿಂಗಳು ಹಣ ಕಳಿಸುತ್ತಾನೆ, ಕಳಿಸಲಾಗದ ತಿಂಗಳು ಉಮ್ಮ ಯಾರಿಗೂ ಹೇಳುವುದಿಲ್ಲ. ಘಟ್ಟದ ಮೇಲೆ ನಮ್ಮಂಥವರು, ಮೈಸೂರು, ಹಾಸನ, ಚಿಕ್ಕಮಗಳೂರಿನ ಕುಟುಂಬಗಳು, ಮೂರು ದಿನಕ್ಕೆ ಒಂದು ಒಲೆ ಇರುವ ಮನೆ ಸಿಕ್ಕೀತೇ ಎಂದು ಹುಡುಕುತ್ತಿದ್ದೇವೆ. ಐದು ವರ್ಷಕ್ಕೊಮ್ಮೆ ಉಳ್ಳಾಲ ಉರೂಸ್ ಆದಾಗ ಲಾಡ್ಜಿನಲ್ಲಿ ಜಾಗ ಇಲ್ಲದೆ ವ್ಯಾನಿನಲ್ಲೇ ಮಲಗಿದವರನ್ನು ನಾನೇ ಕಂಡಿದ್ದೇನೆ. ಈ ಎರಡು ಕಡೆಯನ್ನು ಸೇರಿಸುವುದಕ್ಕೆ ರೆಸಾರ್ಟ್ ಕಟ್ಟಬೇಕಾಗಿಲ್ಲ. ಉಮ್ಮ ಇರುವ ಮನೆಯ ಅರ್ಧವನ್ನು ಕೊಟ್ಟರೆ ಸಾಕು.

ಅರ್ಧ ಎಂದು ಬೇಕೆಂದೇ ಬರೆದೆ. ಪೂರ್ತಿ ಬೀಗ ಹಾಕಿದ ಮನೆ ಹೋಮ್‌ಸ್ಟೇ ಆಗುವುದಿಲ್ಲ. ಕೇಂದ್ರ ಸರಕಾರದ ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲಿ ಮಾಲಕರ ಕುಟುಂಬ ಅದೇ ಮನೆಯಲ್ಲಿ ವಾಸ ಇರಬೇಕು, ಕೊಡುವ ಕೋಣೆ ಒಂದರಿಂದ ಆರರ ಒಳಗಿರಬೇಕು. ರಾಜ್ಯದಲ್ಲಿ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಮನೆಯ ದಾಖಲೆ, ಪೊಲೀಸರ ಅಭಿಪ್ರಾಯ, ಸ್ಥಳೀಯ ಸಂಸ್ಥೆಯ ಕಾಗದ ಎಂದು ಸ್ವಲ್ಪ ಓಡಾಟ ಇದೆ. ಮದ್ರಸ ಕಮಿಟಿಯ ನೋಂದಣಿಗೆ, ಮದುವೆ ಹಾಲಿನ ಲೈಸೆನ್ಸಿಗೆ ಓಡಾಡುವ ನಮ್ಮ ಯುವಕರಿಗೆ ಇದು ದೊಡ್ಡ ಕೆಲಸವಲ್ಲ. ವಿದೇಶಿ ಪಾಸ್‌ಪೋರ್ಟಿನವರು ಬಂದು ಉಳಿದರೆ 24 ಗಂಟೆಯೊಳಗೆ ಸಿ ಫಾರಂ ಮೂಲಕ ತಿಳಿಸಬೇಕು. ಬ್ರಿಟನ್, ಕೆನಡಾ ಪಾಸ್‌ಪೋರ್ಟ್ ತೆಗೆದುಕೊಂಡ ನಮ್ಮದೇ ನೆಂಟರಿಷ್ಟರು ಬಾಡಿಗೆಗೆ ನಿಂತರೂ ಇದು ಬೇಕು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಕಡಲಿಗೆ ತಾಗಿ ಹೊಸ ಕಾಟೇಜ್ ಕಟ್ಟುವ ಆಸೆಯವರಿಗೆ ಒಂದು ಮಾತು. ಬೇಡ. ಕರಾವಳಿ ನಿಯಂತ್ರಣ ವಲಯದ ನಿಯಮ ಅದಕ್ಕೆ ಸುಲಭದಲ್ಲಿ ಬಿಡುವುದಿಲ್ಲ. ಆದರೆ ಅದೇ ನಿಯಮ, ಸ್ಥಳೀಯರು ಈಗ ಇರುವ ತಮ್ಮ ಮನೆಯನ್ನೇ, ತಳಪಾಯದ ಅಳತೆಯನ್ನಾಗಲಿ ಮುಂಭಾಗವನ್ನಾಗಲಿ ಬದಲಿಸದೆ, ಹೋಮ್‌ಸ್ಟೇಯಾಗಿ ನಡೆಸಲು ಅವಕಾಶ ಕೊಟ್ಟಿದೆ. ನಿಯಮ ಬದಿಗಿರಲಿ, ಉಳ್ಳಾಲದ ಮುಕ್ಕಚ್ಚೇರಿ, ಕೈಕೋ ಬದಿಯಲ್ಲಿ ಮಳೆಗಾಲದ ಕಡಲು ಎಷ್ಟು ಮನೆಗಳನ್ನು ತಿಂದಿದೆ ಎಂದು ನಿಮಗೆ ನಾನು ಹೇಳಬೇಕೇ? ಅಲೆಯ ಬಾಯಿಯಲ್ಲಿರುವ ಕಾಟೇಜಿಗಿಂತ ಅರ್ಧ ಮೈಲು ಒಳಗಿನ ಹಂಚಿನ ಮನೆ ಮೇಲು.

ಯಾರ್ಯಾರೋ ಬಂದು ನಮ್ಮ ಮನೆಯಲ್ಲಿ ಮಲಗುವುದೇ, ಕುಡಿದು ಕುಣಿದರೆ ಏನು ಮಾಡುವುದು, ಆ ಹಣ ನಮಗೆ ಬೇಕೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಭಯ. ಅದಕ್ಕೇ ನಾನು ಬೀಗದ ಮನೆ ಬಿಟ್ಟು ಉಮ್ಮ ಇರುವ ಮನೆ ಎನ್ನುತ್ತಿರುವುದು. ಗೋಡೆಯ ಆಚೆ ಒಬ್ಬರು ಹಿರಿಯ ಹೆಂಗಸು ಇದ್ದಾರೆ ಎಂದರೆ ಕುಡಿಯುವ ಗುಂಪು ತಾನಾಗಿಯೇ ಬೇರೆ ಕಡೆ ಹೋಗುತ್ತದೆ. ಕುಟುಂಬಕ್ಕೆ ಮಾತ್ರ, ಮದ್ಯ ಇಲ್ಲ, ಇಷ್ಟೇ ಜನ ಎಂದು ಮೊದಲೇ ಬರೆದು ಕೊಡಿ. ಗುರುತಿನ ಚೀಟಿಯ ನಕಲು ತೆಗೆದಿಡಿ. ಕೊಡಗಿನವರು ಇದನ್ನೆಲ್ಲ ನಮಗಿಂತ ಎಷ್ಟೋ ಮೊದಲೇ ಕಲಿತಿದ್ದಾರೆ. ಸಂಪಾಜೆ ಘಾಟಿ ಹತ್ತುವ ತನಕ ಕಾಣದ ಹೋಮ್‌ಸ್ಟೇ ಬೋರ್ಡುಗಳು ಮಡಿಕೇರಿ ಬರುತ್ತಿದ್ದ ಹಾಗೆ ಸಾಲುಗಟ್ಟುತ್ತವೆ.

ನಮ್ಮವರಿಗೆ ಮಾತ್ರ ಎಂಬ ಮಾತು ಬೇಡ ಎಂದು ನನಗೆ ಅನ್ನಿಸುತ್ತದೆ. ನನ್ನ ಅಂಗಡಿಯ ಪಕ್ಕದ ಮನೆಯವರು ಲಿಂಗಾಯತರು. ಎಲ್ಲಿಗೆ ಹೋದರೂ ಒಂದು ಸ್ಟೌವು, ಕುಕ್ಕರು, ಸಾಂಬಾರುಪುಡಿ ಡಬ್ಬಿ ಕಾರಿನ ಹಿಂದೆ ಇಟ್ಟುಕೊಂಡೇ ಹೋಗುತ್ತಾರೆ. ಹೊಟೇಲಿನಲ್ಲಿ ನಮಗೆ ಹಲಾಲಿನ ಸಂಶಯ, ಅವರಿಗೆ ಮಾಂಸ ಮುಟ್ಟಿದ ಪಾತ್ರೆಯ ಸಂಶಯ. ಮದ್ದು ಒಂದೇ, ಸ್ವಂತ ಒಲೆ. ಅವರಿಗೆ ಬೇರೆ ಒಂದು ಸೆಟ್ ಪಾತ್ರೆ ತೆಗೆದಿಟ್ಟರೆ ಮುಗಿಯಿತು. ನಾನು ಕರಾವಳಿಯಿಂದ ಬಂದ ಮೇಲೆ ಆ ಮನೆಯ ಯಜಮಾನರು, "ಸಾಬ್ರೇ, ನಮಗೂ ಅಂಥದ್ದೊಂದು ಮನೆ ಕೊಡಿಸಿ" ಎಂದು ಎರಡು ಸಲ ಕೇಳಿದ್ದಾರೆ. ಹೆಸರು ಕೇಳಿ ಮನೆ ಇಲ್ಲ ಎಂದವರ ಮೇಲೆ ನನಗೆ ಸಿಟ್ಟು ಬಂದದ್ದು ನಿಜವಾದರೆ, ಇವರ ಹೆಸರು ಕೇಳಿ ಇಲ್ಲ ಎನ್ನುವವರ ಮೇಲೂ ಬರಬೇಕಲ್ಲ?

ಹೋಗುವವರ ತಪ್ಪುಗಳನ್ನೂ ಮುಚ್ಚಿಡಬಾರದು. ಆರು ಜನ ಎಂದು ಹೇಳಿ ಹನ್ನೊಂದು ಜನ ಇಳಿಯುವುದು ನಮ್ಮಲ್ಲಿ ಮಾಮೂಲು. ಚಿಕ್ಕ ಗ್ಯಾಸ್ ಒಲೆಯ ಮೇಲೆ ಇಪ್ಪತ್ತು ಜನರ ಬಿರಿಯಾನಿ ಪಾತ್ರೆ ಇಟ್ಟು ಒಲೆಯ ಕಾಲು ಮುರಿದ ಕಥೆಯನ್ನು ಮಾಮಿಯೇ ಹೇಳಿದರು. ಮೀನಿನ ತ್ಯಾಜ್ಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪಕ್ಕದವರ ತೋಟಕ್ಕೆ ಎಸೆಯುವುದು, ದಿಂಬಿಗೆ ತಲೆಗೆಣ್ಣೆ, ಗೋಡೆಗೆ ಮೊಯಿಲಾಂಜಿ. ಮೂರು ದಿನಕ್ಕೆ ಹಣ ಕೊಟ್ಟೆವು ಎಂದರೆ ಮನೆ ನಮ್ಮದಾಗುವುದಿಲ್ಲ. ಹೊರಡುವ ದಿನ ಬೆಳಗ್ಗೆ ನನ್ನ ಹೆಂಡತಿ, ತಂಗಿ ಸೇರಿ ನೆಲ ಒರೆಸಿ, ಪಾತ್ರೆ ಒಣಗಿಸಿ, ಒಲೆ ತಿಕ್ಕಿದರು. ತಂಗಿಯ ಗಂಡನಿಗೆ ಇದು ಅತಿಯಾಯಿತು ಅನ್ನಿಸಿತು, ದುಡ್ಡು ಕೊಟ್ಟಿದ್ದೇವಲ್ಲ ಎಂದ. ಉಮ್ಮ ಅವನನ್ನು ಒಮ್ಮೆ ನೋಡಿದರು ಅಷ್ಟೇ. ಅವನು ಹೋಗಿ ಕಸ ಕಟ್ಟಿದ.

ಯಾವಾಗ ಹೋಗುವುದು ಎಂಬುದೂ ಮುಖ್ಯ. ಶಾಲೆಯ ರಜೆ ಎಂದು ಮೇ ಕೊನೆಗೆ ಹೊರಟರೆ ಸೆಕೆ, ಅದರ ಮೇಲೆ ಕಡಲಿನ ಅಬ್ಬರ ಶುರುವಾಗಿರುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಒಲೆ ಇದ್ದರೂ ತಾಜಾ ಮೀನು ಕಷ್ಟ, ಸಿಕ್ಕರೆ ದುಬಾರಿ. ಡಿಸೆಂಬರ್, ಜನವರಿಯಲ್ಲಿ ಕಡಲು ಸ್ವಲ್ಪ ಶಾಂತ. ಮಕ್ಕಳಿಗೆ ನೀರಾಟ ಬೇಕೇ ಬೇಕೆಂದರೆ ಕಾವಲಿನವರು ಇರುವ ಬೀಚಿಗೇ ಕರೆದುಕೊಂಡು ಹೋಗಿ. ಪಡುಬಿದ್ರಿಯ ಬೀಚಿಗೆ, ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದೆ. ಶುಚಿತ್ವಕ್ಕೆ, ಸುರಕ್ಷತೆಗೆ ಕೊಡುವ ಮಾನ್ಯತೆ ಅದು. ನಾವು ಪಡುಬಿದ್ರಿಗೆ ಹೋದೆವು. ಉಮ್ಮ ಮರಳಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಸಂಜೆಯ ತನಕ ಕೂತಿದ್ದರು. ಎದ್ದು ಬರಲು ಒಪ್ಪಲಿಲ್ಲ.

ಮಾಮಿಗೆ ಮಾಲಕರು ದಿನಕ್ಕೆ ಐನೂರು ರೂಪಾಯಿ ಕೊಡುತ್ತಾರಂತೆ, ಯಾರಾದರೂ ಬಂದ ದಿನ ಮಾತ್ರ. ಬೀಡಿ ಕಟ್ಟಿ ಬೆನ್ನು ಬಾಗಿದ ಹೆಂಗಸು. ಈಗ ಎಲೆ ಸಿಕ್ಕಿದ ದಿನ ಕೆಲಸ, ಇಲ್ಲದ ದಿನ ಇಲ್ಲ. "ತಿಂಗಳಿಗೆ ನಾಲ್ಕು ದಿನ ನಿಮ್ಮಂಥವರು ಬಂದರೆ ನನ್ನ ಮದ್ದಿನ ಖರ್ಚು ಹೋಗುತ್ತದೆ" ಎಂದರು. ಹೋಮ್‌ಸ್ಟೇ, ಪ್ರವಾಸೋದ್ಯಮ ಎಂದು ದೊಡ್ಡ ಮಾತಾಡುವಾಗ ಈ ಮದ್ದಿನ ಖರ್ಚು ಯಾರಿಗೂ ನೆನಪಾಗುವುದಿಲ್ಲ. ರೆಸಾರ್ಟಿನವರು ಕೊಡುವ ಕೆಲಸ ಇಪ್ಪತ್ತೈದು ವರ್ಷದ ಹುಡುಗರಿಗೆ. ಅರವತ್ತು ದಾಟಿದ, ಮನೆ ಬಿಟ್ಟು ದೂರ ಹೋಗಲಾಗದ ಹೆಂಗಸಿಗೆ ಮನೆಯ ಬಾಗಿಲಲ್ಲೇ ಸಿಗುವ, ಮರ್ಯಾದೆಯ ಕೆಲಸ ಇದಕ್ಕಿಂತ ಬೇರೆ ಯಾವುದಿದೆ ಹೇಳಿ.

ಏಪ್ರಿಲ್ ರಜೆಗೆ ಮತ್ತೊಮ್ಮೆ ಹೋಗೋಣ ಎಂದು ಉಮ್ಮ ಈಗಾಗಲೇ ಶುರು ಮಾಡಿದ್ದಾರೆ. ಮೊನ್ನೆ ಮಾಮಿಗೆ ಫೋನ್ ಮಾಡಿದೆ. ಆ ರಾತ್ರಿ ಹುಡುಗರು ಬಂದು ನಿಂತ ವಿಷಯ ಹೇಗೋ ದುಬೈಗೆ ಮುಟ್ಟಿದೆ, ಮಾಲಕರು ಇನ್ನು ಯಾರಿಗೂ ಕೊಡುವುದು ಬೇಡ ಎಂದಿದ್ದಾರಂತೆ. ಮನೆ ಮುಚ್ಚಿದೆ. ಅವರನ್ನು ದೂರುವುದಿಲ್ಲ, ದೂರದಲ್ಲಿ ಕೂತವರಿಗೆ ಹೆದರಿಕೆ ಹೆಚ್ಚು. ನಾನು ಅವರ ನಂಬರ್ ತೆಗೆದುಕೊಂಡಿದ್ದೇನೆ. ಮಾಮಿಯ ಮನೆಯನ್ನೂ ಸೇರಿಸಿ ನೋಂದಣಿ ಮಾಡಿಸಲು ಆಗುತ್ತದೆಯೇ, ಮಾಮನ ಮಗ ಕಾಗದದ ಓಡಾಟ ಮಾಡಿಕೊಡುತ್ತಾನೆ ಎಂದು ಈ ಶುಕ್ರವಾರ ಮಾತಾಡಬೇಕು. ಫೋನ್ ಇಡುವ ಮೊದಲು ಮಾಮಿ ಹೇಳಿದರು, ತುರಿಮಣೆ ಅವರು ವಾಪಸ್ ತಂದಿಲ್ಲವಂತೆ, ಆ ಅಡುಗೆ ಕೋಣೆಯಲ್ಲೇ ಇದೆಯಂತೆ.